ಊಟ, ರೂಮು ಎಲ್ಲ ಫ್ರೀ ಅಲ್ವಾ?

ಮೊನ್ನೆ ಕುಮಟಾದಲ್ಲಿ ಮದುವೆ ಊಟಕ್ಕೆ ಕೂತಿದ್ದೆ. ಪಕ್ಕದಲ್ಲಿದ್ದ ಅತ್ತಿಗೆಯೊಬ್ಬರು, "ನಿಂಗೇನ್ ಬಿಡೇ, ಊಟ ಫ್ರೀ, ರೂಮು ಫ್ರೀ, ಕರೆಂಟ್ ಬಿಲ್ಲೂ ಇಲ್ಲ. ಬಂದ ಸಂಬಳ ಹಾಗೇ ಉಳೀತದೆ" ಅಂದರು. ಬಾಯಿ ತುಂಬ ಹೋಳಿಗೆ ಇತ್ತು, ಏನೂ ಹೇಳಲಿಲ್ಲ. ಈಗ ಹೇಳುತ್ತೇನೆ.

ಕಾರವಾರದ ಒಂದು ಕಾಲೇಜಿನ ಹುಡುಗಿಯರ ಹಾಸ್ಟೆಲ್‌ನಲ್ಲಿ ನಾನು ವಾರ್ಡನ್. ಆರು ವರ್ಷವಾಯಿತು. 94 ಹುಡುಗಿಯರು. ನನ್ನ ರೂಮು ನೆಲಮಹಡಿಯಲ್ಲಿ, ಮೆಟ್ಟಿಲ ಪಕ್ಕ. ಆಫೀಸಿಗೂ ನನ್ನ ಮಂಚಕ್ಕೂ ನಡುವೆ ಒಂದು ಪರದೆ, ಅಷ್ಟೇ.

ಹಗಲಿನ ಕೆಲಸದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಾಜರಿ, ಔಟ್‌ಪಾಸ್, ಮೆಸ್ ಬಿಲ್, ಹಾಲಿನವನ ಲೆಕ್ಕ, ಕೆಟ್ಟ ಗೀಸರ್. ಯಾರು ಬೇಕಾದರೂ ಮಾಡಬಹುದು. ಜಗಳ ಬಿಡಿಸುವುದು ಮಾತ್ರ ಒಂದು ಕಲೆ. ವಿಜಯಪುರ, ಕಲಬುರಗಿ ಕಡೆಯ ಮಕ್ಕಳಿಗೆ ನಮ್ಮ ಕುಚ್ಚಲಕ್ಕಿ ಅನ್ನ ಕಂಡರೆ ಆಗದು. ರೊಟ್ಟಿ ಇಲ್ಲದೆ ಹೊಟ್ಟೆ ತುಂಬಲ್ಲ ಅಂತಾರೆ. ಜುಲೈಯಲ್ಲಿ ವಾರವಾದರೂ ಬಟ್ಟೆ ಒಣಗದಿದ್ದಾಗ ಇಸ್ತ್ರಿಪೆಟ್ಟಿಗೆ ಹಿಡಿದು ಒಣಗಿಸಲು ಹೋಗಿ ಫ್ಯೂಸ್ ಹಾರಿಸುತ್ತಾರೆ. ಕಾರವಾರದ ಕಡೆಯವಳೊಬ್ಬಳು ಮಂಚದ ಕೆಳಗೆ ಒಣಮೀನಿನ ಚಟ್ನಿ ಡಬ್ಬಿ ಇಟ್ಟಿದ್ದಳು. ಅದೇ ರೂಮಿನ ಶಿರಸಿ ಹುಡುಗಿ ಆ ವಾಸನೆಗೆ ಮೂರು ದಿನ ಊಟ ಬಿಟ್ಟಳು. ಕೊನೆಗೆ ಡಬ್ಬಿ ನನ್ನ ಕಪಾಟಿಗೆ ಬಂತು. ಕೇಳಿದಾಗ ಒಂದೊಂದು ಚಮಚ ಕೊಡುತ್ತಿದ್ದೆ. (ನಾನೂ ತಿಂದೆ. ಯಾಕೆ ಸುಳ್ಳು ಹೇಳಲಿ.)

ಆದರೆ ಈ ಕೆಲಸ ಅಂದರೆ ರಾತ್ರಿ.

2024ರ ಆಗಸ್ಟ್ 7, ನಡುರಾತ್ರಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಬಿತ್ತಲ್ಲ, ಆ ರಾತ್ರಿ ನೆನಪಿದೆಯಾ? ಲಾರಿಯೊಂದು ನೀರಿಗೆ ಬಿತ್ತು, ಅದರ ಚಾಲಕ ಬದುಕಿದ. ನಮ್ಮ ಮಕ್ಕಳೆಲ್ಲ ಆಗ ಒಳಗೆ ನಿದ್ದೆಯಲ್ಲಿದ್ದರು. ಆದರೆ ಬೆಳಗಿನ ಟಿವಿಯಲ್ಲಿ "ಕಾರವಾರ" ಅನ್ನುವ ಹೆಸರು ಓಡಿತಲ್ಲ, ಅಷ್ಟು ಸಾಕಾಯಿತು. ಬಳ್ಳಾರಿಯ ಅಪ್ಪನಿಗೆ ಕಾಳಿ ನದಿ ಎಲ್ಲಿದೆ, ಹಾಸ್ಟೆಲ್ ಎಲ್ಲಿದೆ ಹೇಗೆ ಗೊತ್ತಾಗಬೇಕು? ಅದಕ್ಕೆ ಮೂರೇ ವಾರ ಮೊದಲು, ಜುಲೈ 16ಕ್ಕೆ, ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಎಷ್ಟೋ ಜನ ಹೋಗಿದ್ದರು. ಆ ಭಯ ಯಾರಿಗೂ ಇನ್ನೂ ಇಳಿದಿರಲಿಲ್ಲ. ನನ್ನ ಫೋನು ಒಂದೇ ಸಮ ಬಡಿದುಕೊಳ್ಳತೊಡಗಿತು. ಎಲ್ಲರೂ ಕೇಳಿದ್ದು ಒಂದೇ, "ಮೇಡಂ, ನಮ್ಮ ಮಗಳು ಇದ್ದಾಳಾ?" ಪ್ರತಿ ರೂಮಿನ ಬಾಗಿಲು ತೆಗೆದು, ಮುಖ ನೋಡಿ, ಎಣಿಸಿದೆ. 94. ಪಾಲಕರ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಆಮೇಲೆ ಸುಮ್ನೆ ಮೆಟ್ಟಿಲ ಮೇಲೆ ಕೂತು ಚಾ ಕುಡಿದೆ. ಕೈ ನಡುಗುತ್ತಿತ್ತು.

ಈಗ ನಿಯಮದ ಮಾತು. 2009ರಲ್ಲಿ ಹಿಮಾಚಲದ ವೈದ್ಯಕೀಯ ಕಾಲೇಜೊಂದರಲ್ಲಿ ರ್‍ಯಾಗಿಂಗ್‌ನಿಂದ ಅಮನ್ ಕಚ್ರೂ ಎಂಬ ವಿದ್ಯಾರ್ಥಿ ಸತ್ತ. ಅದೇ ವರ್ಷ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ರ್‍ಯಾಗಿಂಗ್ ತಡೆಯಲು ನಿಯಮ ತಂದಿತು. ಪ್ರತಿ ಹಾಸ್ಟೆಲ್‌ಗೂ ಪೂರ್ಣಾವಧಿ ವಾರ್ಡನ್ ಇರಬೇಕು, ಅವರು ಹಾಸ್ಟೆಲ್‌ನಲ್ಲೇ ಅಥವಾ ಅದರ ಹತ್ತಿರವೇ ವಾಸವಿರಬೇಕು, ಯಾವ ಹೊತ್ತಿಗೂ ಸಿಗಬೇಕು. ಶಿಸ್ತು ಕಾಯುವುದರ ಜೊತೆ ಮಕ್ಕಳೊಂದಿಗೆ ಮಾತಾಡುವ, ಸಮಾಧಾನ ಹೇಳುವ ಗುಣವೂ ಇರಬೇಕು ಅಂತ ಅದರಲ್ಲೇ ಇದೆ. ಒಳ್ಳೆಯ ನಿಯಮ. ನಾನು ವಿರೋಧಿಸುವುದಿಲ್ಲ. ಆದರೆ ನಮ್ಮ ಕಡೆ ಇದನ್ನು ಓದುವವರು "ಯಾವ ಹೊತ್ತಿಗೂ" ಅನ್ನುವುದನ್ನು "ಒಬ್ಬಳೇ" ಅಂತ ಓದಿಕೊಂಡಿದ್ದಾರೆ.

ಹೋದ ವರ್ಷದ ಒಂದು ರಾತ್ರಿ. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.) ಎರಡು ಗಂಟೆಗೆ ಬಾಗಿಲು ಬಡಿದರು. ಹುಡುಗಿಗೆ ಹೊಟ್ಟೆನೋವು, ಬಲಗಡೆ ಕೆಳಗೆ, ಮುಟ್ಟಿದರೆ ಕಿರುಚುತ್ತಾಳೆ. 108ಕ್ಕೆ ಫೋನ್ ಮಾಡಿದೆ. ಆಂಬುಲೆನ್ಸ್ ಬಂತು. ಈಗ ಹೇಳಿ, ನಾನು ಏನು ಮಾಡಬೇಕು? ಅವಳ ಜೊತೆ ಹೋದರೆ 93 ಹುಡುಗಿಯರು ಒಬ್ಬ ಕಾವಲುಗಾರನ ಮೇಲೆ. ಹೋಗದಿದ್ದರೆ ಹದಿನೆಂಟರ ಹುಡುಗಿ ಒಬ್ಬಳೇ ಆಸ್ಪತ್ರೆಗೆ. ನಾನು ಹೋದೆ. ಅಡುಗೆಯ ಅಕ್ಕನಿಗೆ ಫೋನ್ ಮಾಡಿ ಎಬ್ಬಿಸಿದೆ. ಅವರು ಮಗನ ಬೈಕಿನಲ್ಲಿ ಬಂದು ನನ್ನ ಮಂಚದ ಮೇಲೆ ಕೂತು ಬೆಳಗು ಮಾಡಿದರು. ಅದಕ್ಕೆ ಅವರಿಗೆ ಸಂಬಳ ಇಲ್ಲ, ಅದು ಅವರ ಕೆಲಸವೂ ಅಲ್ಲ. ಅಪೆಂಡಿಕ್ಸ್ ಆಪರೇಷನ್ ಆಗಿ ಹುಡುಗಿ ಚೆನ್ನಾಗಿದ್ದಾಳೆ. ಮರುದಿನ ನನಗೆ ಬಂದ ಮೊದಲ ಫೋನು ಆಡಳಿತದವರದು: "ರಾತ್ರಿ ಹಾಸ್ಟೆಲ್ ಬಿಟ್ಟು ಹೋಗುವಾಗ ಯಾರ ಅನುಮತಿ ಪಡೆದಿರಿ?"

"ರಾತ್ರಿ ಮಲಗ್ತೀರಲ್ಲ ಮೇಡಂ, ಅದೂ ಡ್ಯೂಟಿಯಾ?" ಅಂತ ಒಬ್ಬರು ನಗುತ್ತಾ ಕೇಳಿದ್ದರು. ತೊಟ್ಟಿಲ ಪಕ್ಕ ಮಲಗಿದ ತಾಯಿಯನ್ನು ಕೇಳಿ, ಅದು ನಿದ್ದೆಯಾ ಅಂತ. ಫೋನು ದಿಂಬಿನ ಕೆಳಗೆ. ಮೇಲಿನ ಮಹಡಿಯಲ್ಲಿ ಚಪ್ಪಲಿ ಸದ್ದು ಮೂರು ಸಲ ಹೋಗಿ ಬಂದರೆ ಎದ್ದು ಕೂರುತ್ತೇನೆ. ಯಾರಿಗೋ ರಿಸಲ್ಟ್ ಕೆಟ್ಟಿರುತ್ತದೆ, ಯಾರದೋ ಮನೆಯಲ್ಲಿ ಏನೋ ಆಗಿರುತ್ತದೆ. ಮೊದಲೆಲ್ಲ ನಾನೂ ಉಪದೇಶ ಮಾಡುತ್ತಿದ್ದೆ. ಈಗ ಚಾ ಮಾಡಿ ಪಕ್ಕ ಕೂರುತ್ತೇನೆ, ಅವಳೇ ಮಾತಾಡುತ್ತಾಳೆ. ಮನಸ್ಸಿನ ಕಷ್ಟ ಹೇಳಿಕೊಳ್ಳಲು ಇರುವ, ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರ ಚೀಟಿಯನ್ನು ಮೊದಲು ಆಫೀಸಿನ ನೋಟಿಸ್ ಬೋರ್ಡಿಗೆ ಹಾಕಿದ್ದೆ. ಯಾರೂ ಅದರ ಮುಂದೆ ನಿಂತು ನೋಡಲಿಲ್ಲ. ನಿಲ್ಲುವುದಾದರೂ ಹೇಗೆ, ಎಲ್ಲರೂ ನೋಡುತ್ತಾರಲ್ಲ. ಬಚ್ಚಲ ಬಾಗಿಲುಗಳ ಒಳಬದಿಗೆ ಅಂಟಿಸಿದೆ. ಆಮೇಲೆ ಇಬ್ಬರು ಬಂದು, ಅಲ್ಲಿಗೆ ಫೋನ್ ಮಾಡಿದ್ದೆವು ಮೇಡಂ ಅಂದರು.

ವಾರ್ಡನ್‌ಗಳೆಲ್ಲ ಒಳ್ಳೆಯವರು ಅಂತ ನಾನು ವಾದ ಮಾಡುತ್ತಿಲ್ಲ. ಬೀಗ ಹಾಕುವುದೇ ಕೆಲಸ ಅಂದುಕೊಂಡವರನ್ನೂ ನೋಡಿದ್ದೇನೆ. ಹುಡುಗರ ಹಾಸ್ಟೆಲ್‌ನ ಗೇಟು ಹತ್ತಕ್ಕೂ ತೆರೆದಿರುತ್ತದೆ, ನಮ್ಮದು ಏಳಕ್ಕೇ ಮುಚ್ಚಬೇಕು. ಬೀಗ ಹಾಕುವವಳು ನಾನೇ. ಸರಿ ಅನಿಸುವುದಿಲ್ಲ. ಅದನ್ನು ಇನ್ನೊಂದು ದಿನ ಬರೆಯುತ್ತೇನೆ.

ಅಮ್ಮ ಅಂಕೋಲಾದಲ್ಲಿದ್ದಾಳೆ. ಬಸ್ಸಿನಲ್ಲಿ ಒಂದು ಗಂಟೆ ದಾರಿ. ಕಳೆದ ಬಂಡಿ ಹಬ್ಬಕ್ಕೆ ಪರೀಕ್ಷೆ ಅಂತ ಹೋಗಲಾಗಲಿಲ್ಲ. ಆ ಮದುವೆಗೆ ಹೋಗಿದ್ದೂ ಹೇಗೆ ಗೊತ್ತಾ? ಬೆಳಿಗ್ಗೆ ಹಾಜರಿ ತೆಗೆದು ಹೊರಟು, ಸಂಜೆ ಗೇಟು ಮುಚ್ಚುವುದರೊಳಗೆ ವಾಪಸ್. ಪಾಯಸಕ್ಕೂ ಕಾಯಲಿಲ್ಲ.

ನಾನು ಕೇಳಿದ್ದು ದೊಡ್ಡದೇನಲ್ಲ. ಇನ್ನೊಬ್ಬ ಸಹಾಯಕ ವಾರ್ಡನ್ ಬೇಕು. ಇಬ್ಬರೂ ಪಾಳಿಯಲ್ಲಿ ಮಲಗುತ್ತೇವೆ. ವಾರಕ್ಕೆ ಒಂದು ರಾತ್ರಿ ನಾನು ಅಮ್ಮನ ಮನೆಯಲ್ಲಿರಬೇಕು, ಫೋನು ಆಫ್ ಮಾಡಿ. ಯಾರಾದರೂ ಆಸ್ಪತ್ರೆಗೆ ಹೋದರೆ ಇನ್ನೊಬ್ಬರು ಹಾಸ್ಟೆಲ್‌ನಲ್ಲಿರಬೇಕು. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಅರ್ಜಿ ಕೊಟ್ಟು ಮೂರು ತಿಂಗಳಾಯಿತು. ಅದೇ ದಿನ ಗೀಸರ್ ರಿಪೇರಿಗೂ ಒಂದು ಅರ್ಜಿ ಕೊಟ್ಟಿದ್ದೆ.

ಗೀಸರ್ ರಿಪೇರಿ ಆಗಿದೆ.