ಅರ್ಜುನ, ಫಲ್ಗುಣ, ಕ್ಯಾಮೆರಾ

ಮಿಂಚಿನ ಫೋಟೊ ತೆಗೆಯುವವನಿಗೆ ಬೀದರಿನಲ್ಲಿ ಸಲಹೆಗಾರರ ಬರವಿಲ್ಲ. "ಈಗ ಮಿಂಚ್ತು ನೋಡ್ರಿ, ಹೊಡೀರಿ ಹೊಡೀರಿ!" ಎಂದು ಬೆನ್ನ ಹಿಂದಿನಿಂದ ಯಾರಾದರೂ ಕೂಗುವ ಹೊತ್ತಿಗೆ ಅದು ಮುಗಿದೇ ಹೋಗಿರುತ್ತದೆ. ಕಣ್ಣು ಕಂಡಿದ್ದನ್ನು ಬೆರಳಿಗೆ ಮುಟ್ಟಿಸಲು ಮನುಷ್ಯನಿಗೆ ಸೆಕೆಂಡಿನ ಐದನೇ ಒಂದು ಭಾಗವಾದರೂ ಬೇಕು. ಮಿಂಚಿಗೆ ಅಷ್ಟು ಪುರುಸೊತ್ತಿಲ್ಲ.

ಅದಕ್ಕೇ ಮಿಂಚನ್ನು ಬೆನ್ನು ಹತ್ತಬಾರದು. ಕತ್ತಲಾದ ಮೇಲೆ ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ಕೂಡಿಸಿ, ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 100, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 8 ಇಟ್ಟು, ದೂರದ ಟವರಿನ ಕೆಂಪು ದೀಪ ನೋಡಿ ಕೈಯಲ್ಲೇ ಫೋಕಸ್ ಮಾಡಿ, ಶಟರನ್ನು 30 ಸೆಕೆಂಡು ತೆರೆದು ಸುಮ್ಮನೆ ಕೂಡಬೇಕು. ಮನಸ್ಸಿದ್ದರೆ ಮಿಂಚೇ ಬಂದು ತನ್ನ ಚಿತ್ರ ಬರೆದು ಹೋಗುತ್ತದೆ. 1882ರಲ್ಲಿ ಫಿಲಡೆಲ್ಫಿಯಾದ ವಿಲಿಯಂ ಜೆನ್ನಿಂಗ್ಸ್ ಗಾಜಿನ ಪ್ಲೇಟಿನ ಮೇಲೆ ಮಿಂಚು ಹಿಡಿದ. ಚಿತ್ರಕಾರರು ಬರೆಯುತ್ತಿದ್ದ ಗರಗಸದ ಹಲ್ಲಿನ ಗೀಟು ಸುಳ್ಳೆಂದು ಅದರಿಂದ ಗೊತ್ತಾಯಿತು. ಅವನ ಬೆನ್ನ ಹಿಂದೆ ಯಾರೂ "ಹೊಡಿ" ಅಂದಿರಲಿಕ್ಕಿಲ್ಲ.

ನನ್ನ ಕ್ಯಾಮೆರಾಕ್ಕೆ ಇನ್ನೊಂದು ಚಟ. ಫೋಟೊದಲ್ಲಿ ಚುಕ್ಕೆಚುಕ್ಕೆ ಕಾಣಬಾರದೆಂದು, 30 ಸೆಕೆಂಡಿನ ಫೋಟೊ ಆದ ಮೇಲೆ ಕಣ್ಣು ಮುಚ್ಚಿಕೊಂಡು ಮತ್ತೆ 30 ಸೆಕೆಂಡು ಕತ್ತಲೆಯದ್ದೇ ಒಂದು ಫೋಟೊ ತೆಗೆದು ಹೋಲಿಸಿ ನೋಡುತ್ತದೆ. ಆಗ ಗುಂಡಿ ಒತ್ತಿದರೆ "ಬ್ಯುಸಿ". ಆಕಾಶದಲ್ಲಿ ಅತಿ ಚಂದದ ಮಿಂಚು ಹೊಡೆಯುವುದು ಖಾತ್ರಿಯಾಗಿ ಅದೇ ಅರ್ಧ ನಿಮಿಷದಲ್ಲಿ. ಆ ಸೆಟ್ಟಿಂಗ್ ಬಂದ್ ಮಾಡಬಹುದು. ಮೆನುವಿನಲ್ಲಿ ಅದು ಸಿಗುವಷ್ಟರಲ್ಲಿ ಮೋಡ ಜಹೀರಾಬಾದ್ ಕಡೆ ಸಾಗಿರುತ್ತದೆ.

ಮಾಳಗಿ ಹತ್ತುವ ಮಾತೇ ಇಲ್ಲ. ಬೀದರಿನ ಪಕ್ಕದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಹುಮಾಯೂನನ ಗೋರಿ ಸಿಡಿಲಿಗೆ ಸೀಳಿ, ಗುಮ್ಮಟದ ಒಂದು ಪಾಲು ಮಾತ್ರ ಉಳಿದು ನಿಂತಿದೆ. ಅದನ್ನು ನೋಡಿ ಬಂದವರು ಮನೆಯ ಮೇಲೆ ಮೂರು ಕಾಲಿನ ಕಬ್ಬಿಣ ನೆಟ್ಟು ಅದರ ಪಕ್ಕ ನಿಲ್ಲುವುದಿಲ್ಲ. ನಾನು ಪಡಸಾಲೆಯೊಳಗೆ, ಕಿಟಕಿಗೆ ತುಸು ದೂರ. ಹೀಗಾಗಿ ನನ್ನ ಮಿಂಚುಗಳೆಲ್ಲ ಸರಳಿನ ಹಿಂದೆ ಸೆರೆಯಾಗಿವೆ. ಮಿಂಚಿದಾಗಿನಿಂದ ಗುಡುಗುವ ತನಕ ಸೆಕೆಂಡು ಎಣಿಸಿ ಮೂರರಿಂದ ಭಾಗಿಸಿದರೆ ಎಷ್ಟು ಕಿಲೋಮೀಟರು ದೂರ ಎಂದು ತಿಳಿಯುತ್ತದೆ. ಆ ಲೆಕ್ಕ ನನ್ನ ಪಾಲಿಗೆ. "ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ" ಅವ್ವನ ಪಾಲಿಗೆ.

ನನ್ನ ಪಾಡು ನೋಡಲಾಗದೆ ತಂಗಿಯ ಮಗ ಅಂದ: "ಮಾಮಾ, ವಿಡಿಯೊ ಮಾಡ್ರಿ. ಆಮ್ಯಾಲ ಬೇಕಾದ್ ಫ್ರೇಮ್ ಕಿತ್ಕೋರಿ." ಕೇಳಲಿಕ್ಕೆ ಚಂದ. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರು ಚಿತ್ರವನ್ನು ಮೇಲಿನಿಂದ ಕೆಳಗೆ ಸಾಲುಸಾಲಾಗಿ ಓದುತ್ತದೆ, ಮಿಂಚು ಅದಕ್ಕಿಂತ ಅವಸರದ್ದು. ಕಿತ್ತು ನೋಡಿದರೆ ಫ್ರೇಮಿನ ಅರ್ಧ ಬೆಳ್ಳಗೆ, ಅರ್ಧ ಕರ್ರಗೆ, ನಡುವೆ ಅಳತೆಪಟ್ಟಿ ಹಿಡಿದು ಎಳೆದ ಗೆರೆ. ಸೋಮಾರಿಗೆ ವಿಡಿಯೊ, ಗೋಡೆಗೆ ಹಾಕಲು ಫೋಟೊ ಎಂಬುದು ನನ್ನ ತೀರ್ಪು.

ಆದರೆ ವಿಡಿಯೊಕ್ಕೆ ಕಿವಿಯೂ ಇದೆ. ಅವತ್ತು ಮಸ್ಸಂಜೆ ಕೋಟೆಯ ದಿಕ್ಕಿನಲ್ಲಿ ಬುಡದ ತನಕ ಕವಲೊಡೆದ ಮಿಂಚು ಸಿಕ್ಕಿತು. ಹುಡುಗ ಕೇಳಿಯೂ ನೋಡದೆ ಅದನ್ನು ಬೀಗರ ಗ್ರೂಪಿಗೆ ಹಾಕಿಬಿಟ್ಟ. ಮಿಂಚಿನ ಹಿಂದೆಯೇ ನನ್ನ ಹೆಂಡತಿಯ ದನಿ, ಗುಡುಗಿಗಿಂತ ಸ್ಪಷ್ಟ: "ಏನ್ರೀ, ಮಾಳಗಿ ಮ್ಯಾಲ ಹಪ್ಪಳ ಅವ. ನೀವು ಹಿಂಗ ಕುಂತ್ರ ನಿಮ್ ಕ್ಯಾಮೆರಾ ಹೋಗಿ ತರ್ತದೇನು?" ಭಾಲ್ಕಿಯಿಂದ ಮೊದಲ ಉತ್ತರ: "ತೊಯ್ದ್ವೇನವ್ವ?" ಹುಮನಾಬಾದಿನಿಂದ: "ಉದ್ದಿನವೋ ಅಕ್ಕಿಯವೋ?" ಹಪ್ಪಳದ ಚರ್ಚೆ ಮರುದಿನದ ತನಕ ನಡೆಯಿತು. ಮಿಂಚಿಗೆ ಬಂದಿದ್ದು ಒಂದೇ ಹೆಬ್ಬೆಟ್ಟು, ಅದೂ ನನ್ನದೇ.

ವಿಡಿಯೊ ಅಳಿಸಬೇಕೆಂದು ಹೆಂಡತಿ ಹಟ ಹಿಡಿದಳು. ಅವ್ವ ಬಿಡಲಿಲ್ಲ. ಅದರ ಕೊನೆಗೆ ಅವಳ ಅರ್ಜುನನ ಹೆಸರುಗಳು ಒಂದೂ ತಪ್ಪದೆ ಬಂದಿವೆ. ಈಗ ಗುಡುಗಿದರೆ ಅವಳು ಬಾಯಿ ನೋಯಿಸಿಕೊಳ್ಳುವುದಿಲ್ಲ, ಮೊಬೈಲಿನಲ್ಲಿ ಅದನ್ನೇ ಹಚ್ಚಿ ಕೂಡುತ್ತಾಳೆ. ಅದರಲ್ಲೂ ಗುಡುಗು, ಹೊರಗೂ ಗುಡುಗು. ನಾನು ಯಾವುದನ್ನು ಮೂರರಿಂದ ಭಾಗಿಸಲಿ?