ಕಿರುಬೆರಳಿನ ಅಪ್ಪಣೆ

ನಮ್ಮ ಚರ್ಚಿನ ಕ್ವಾಯರ್ ಮಾಸ್ಟರು ಭುಜದ ಮಟ್ಟಕ್ಕಿಂತ ಮೇಲೆ ಕೈಯೆತ್ತಿದ್ದನ್ನು ಈ ಹನ್ನೊಂದು ವರ್ಷಗಳಲ್ಲಿ ನಾನು ಒಮ್ಮೆ ಮಾತ್ರ ನೋಡಿದ್ದೇನೆ, ಅದೂ ಆಟೋ ನಿಲ್ಲಿಸುವುದಕ್ಕೆ. ಹಾಡಿಸುವಾಗ ಅವರ ಮೊಣಕೈಗಳೆರಡೂ ಪಕ್ಕೆಗೆ ಅಂಟಿಕೊಂಡಿರುತ್ತವೆ; ಅಲುಗುವುದು ಬಲಗೈಯ ತೋರುಬೆರಳೊಂದೇ, ಅದೂ ಅಂಗಿಯ ಗುಂಡಿ ಹಾಕಿಕೊಳ್ಳಲು ಬೇಕಾಗುವಷ್ಟೇ. ಹಾಡು ಶುರುವಾಗುವ ಮುನ್ನ ಅವರು ಮೆಲ್ಲನೆ ಉಸಿರೆಳೆದುಕೊಳ್ಳುತ್ತಾರೆ, ನಾವೂ ಎಳೆದುಕೊಳ್ಳಬೇಕು. ಹೆಂಗಸರ ಏರುದನಿಯ ಸೊಪ್ರಾನೊದವರಿಗೆ ಸೂಚನೆ ಹುಬ್ಬಿನಿಂದ ಹೋಗುತ್ತದೆ, ಗಂಡಸರ ಏರುದನಿಯ ಟೆನರುಗಳಿಗೆ ಗದ್ದದಿಂದ. ಹಿಂದಿನ ಸಾಲಿನಲ್ಲಿ ನಿಲ್ಲುವ, ನನ್ನನ್ನೂ ಒಳಗೊಂಡ ತಗ್ಗುದನಿಯ ಬೇಸ್‌ನ ಐದು ಮಂದಿಗೆ ಮೀಸಲಾಗಿರುವುದು ಎಡಗೈಯ ಕಿರುಬೆರಳು.

ಇದು ಸೋಮಾರಿತನವಲ್ಲವೆಂದು ನನಗೆ ಅರ್ಥವಾಗಲು ಎರಡು ಕ್ರಿಸ್‌ಮಸ್‌ಗಳು ಹಿಡಿದವು. ಮುಂದೆ ನಿಂತವರು ತೋಳು ಬೀಸಿದಷ್ಟೂ ಹಾಡುವವರು ಗಂಟಲು ದೊಡ್ಡದು ಮಾಡುತ್ತಾರೆ, ಲಯ ಭಾರವಾಗಿ ಹಿಂದೆ ಬೀಳುತ್ತದೆ. ಬೆರಳು ಸಣ್ಣದಾಗಿ ಆಡಿದರೆ ಅದನ್ನು ಹುಡುಕುವುದಕ್ಕಾದರೂ ಎಲ್ಲರೂ ಫೈಲಿನಿಂದ ತಲೆಯೆತ್ತಲೇಬೇಕಾಗುತ್ತದೆ. ಈ ಬೆರಳಿನ ಬೆಲೆ ತಿಳಿಯುವುದು ಸಾಲಿನ ಕೊನೆಯಲ್ಲಿ. ಕನ್ನಡದ ಕೀರ್ತನೆಗಳಲ್ಲಿ ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುವುದರಿಂದ ಒಬ್ಬರು ಅರೆಗಳಿಗೆ ಮುಂಚೆ, ಇನ್ನೊಬ್ಬರು ಅರೆಗಳಿಗೆ ತಡವಾಗಿ ನಿಲ್ಲಿಸಿದರೂ ಅಷ್ಟಾಗಿ ಗೊತ್ತಾಗುವುದಿಲ್ಲ. ಕ್ರಿಸ್‌ಮಸ್‌ಗೆ ಹಾಡುವ ಇಂಗ್ಲಿಷ್ ಕ್ಯಾರಲ್‌ನಲ್ಲಿ ‘ಪೀಸ್’ ಎಂಬ ಪದ ಬಂದಾಗ ಇಪ್ಪತ್ತೆರಡು ಜನರ ‘ಸ್’ ಒಂದೇ ಕ್ಷಣಕ್ಕೆ ಬೀಳದೆ ಹೋದರೆ, ಬೇಳೆ ಬೇಯಲು ಇಟ್ಟ ಕುಕ್ಕರಿನ ನೆನಪಾಗುತ್ತದೆ. ಆಗ ಮಾಸ್ಟರು ನಶ್ಯ ಹಿಡಿದವರಂತೆ ತೋರುಬೆರಳನ್ನು ಹೆಬ್ಬೆರಳಿಗೆ ತಾಗಿಸುತ್ತಾರೆ, ಇಪ್ಪತ್ತೆರಡು ‘ಸ್’ಗಳೂ ಆ ಚಿಟಿಕೆಯೊಳಗೆ ಅಡಗುತ್ತವೆ.

ಅವರ ಆದರ್ಶವೆಂದರೆ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನಲ್ಲಿ 1918ರಲ್ಲಿ ಆರಂಭವಾದ, ಕ್ರಿಸ್‌ಮಸ್ ಮುನ್ನಾದಿನದ ಒಂಬತ್ತು ಬೈಬಲ್ ವಾಚನಗಳು ಮತ್ತು ಕ್ಯಾರಲ್‌ಗಳ ಆರಾಧನೆ. ಅಲ್ಲಿ ಮೊದಲ ಗೀತೆಯ ಮೊದಲ ಚರಣವನ್ನು ಒಬ್ಬನೇ ಹುಡುಗ, ಆರ್ಗನ್ನಿನ ಆಸರೆಯೂ ಇಲ್ಲದೆ ಹಾಡುತ್ತಾನೆ. ಹಾಡುವವನು ಯಾರೆಂಬುದನ್ನು ಕೊನೆಯ ಗಳಿಗೆಯವರೆಗೂ ತಿಳಿಸದಿರುವುದು ವಾಡಿಕೆ. ಈ ಸಂಗತಿಯನ್ನು ಮಾಸ್ಟರು ಪ್ರತಿ ನವೆಂಬರಿನಲ್ಲೂ ಭಕ್ತಿಯಿಂದ ಹೇಳುತ್ತಾರೆ. ಕೇಳಿದ ವಾರವೆಲ್ಲ ನಾವು ಅವರ ಬೆರಳನ್ನು ನೋಡುತ್ತೇವೆಯೇ ಹೊರತು ಕಣ್ಣನ್ನು ಮಾತ್ರ ತಪ್ಪಿಸುತ್ತೇವೆ.

ಹೋದ ಡಿಸೆಂಬರಿನಲ್ಲಿ ಚಾಮರಾಜಪೇಟೆಯ ನಮ್ಮ ಪಕ್ಕದ ಮನೆಯ ರಾಯರು ಕ್ಯಾರಲ್ ಕೇಳಲು ಬೆಂಗಳೂರು ದಂಡಿನ (ಕಂಟೋನ್ಮೆಂಟಿನ) ನಮ್ಮ ಚರ್ಚಿನವರೆಗೆ ಬಂದರು. ಕರೆದವನು ನಾನೇ. ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿಗಳಲ್ಲಿ ಪಳಗಿದ ಕಿವಿ ಅವರದು. ತಾಳ ಹಾಕದೆ ಅವರು ಜಾಹೀರಾತಿನ ಹಾಡನ್ನೂ ಕೇಳಿದವರಲ್ಲ. ಬಂದವರು ಮೊದಲನೆಯ ಬೆಂಚಿನಲ್ಲಿ, ಸರಿಯಾಗಿ ಮಾಸ್ಟರ ಬೆನ್ನ ಹಿಂದೆ, ನನಗೆ ನೇರ ಎದುರಾಗಿ ಕುಳಿತರು. ನನ್ನ ಮೂಗಿನ ಮೇಲೆ ಅಂದಿಗೆ ನಾಲ್ಕು ದಿನ ತುಂಬಿದ್ದ ಪ್ರೊಗ್ರೆಸಿವ್ ಕನ್ನಡಕವಿತ್ತು. ಅದರ ಕೆಳಭಾಗದಲ್ಲಿ ಫೈಲು ಸ್ಪಷ್ಟವಾಗಿತ್ತು, ಮೇಲ್ಭಾಗದಲ್ಲಿ ರಾಯರು ಸ್ಪಷ್ಟವಾಗಿದ್ದರು. ನಡುವಿನಲ್ಲಿದ್ದ ಮಾಸ್ಟರು ಮಾತ್ರ ಮಂಜಿನಲ್ಲಿ ನಿಂತ ನಂದಿಬೆಟ್ಟದಂತಿದ್ದರು.

‘ಓ ಕಮ್ ಆಲ್ ಯೀ ಫೇತ್‌ಫುಲ್’ ಗೀತೆಯ ಪಲ್ಲವಿಯಲ್ಲಿ ಒಂದೇ ಮಾತು ಮೂರು ಸಲ ಬರುತ್ತದೆ. ನಮ್ಮಲ್ಲಿ ಮೊದಲ ಸಲ ಸೊಪ್ರಾನೊದವರು ಮಾತ್ರ ಮೆಲ್ಲಗೆ ಹಾಡುತ್ತಾರೆ, ಎರಡನೆಯ ಸಲ ಹೆಂಗಸರ ತಗ್ಗುದನಿಯ ಆಲ್ಟೊ ಮತ್ತು ಟೆನರ್ ಸೇರಿಕೊಳ್ಳುತ್ತವೆ, ಮೂರನೆಯ ಸಲಕ್ಕೆ ಬೇಸ್ ಬಂದು ಹಾಡಿಗೆ ನೆಲ ಸಿಗುತ್ತದೆ. ಪಲ್ಲವಿ ಎತ್ತಿಕೊಳ್ಳುವುದು ನಾಲ್ಕನೆಯ ಎಣಿಕೆಯ ಮೇಲೆ. ರಾಯರು ಆಗಲೇ ಈ ಗೀತೆಯನ್ನು ಆದಿತಾಳಕ್ಕೆ ಕೂರಿಸಿದ್ದರು: ಪೆಟ್ಟು, ಮೂರು ಬೆರಳು, ಪೆಟ್ಟು, ಹುಸಿ, ಪೆಟ್ಟು, ಹುಸಿ. ಕೊನೆಯ ಹುಸಿ ಪಲ್ಲವಿಯ ಎತ್ತುಗಡೆಯ ಮೇಲೆಯೇ ಬಿತ್ತು. ಅಂಗೈ ಮೇಲಾಗಿ, ದೇವರನ್ನೇ ಮನೆಯೊಳಕ್ಕೆ ಕರೆಯುವಂತೆ ಆ ಕೈ ತಿರುಗಿದ್ದನ್ನು ಕಂಡು, ಅಪ್ಪಣೆಯಾಯಿತೆಂದುಕೊಂಡು ನಾನು ತುಂಬು ಕಂಠದಲ್ಲಿ ಹಾಡಿದೆ.

ಎಂಟು ಮಹಿಳೆಯರ ಎಳೆಯ ದನಿಗಳ ನಡುವೆ ನನ್ನ ದನಿ, ಮದುವೆಮನೆಯ ಹಸೆಗೆ ನುಗ್ಗಿದ ಎಮ್ಮೆಯಂತೆ ಕೇಳಿಸಿರಬೇಕು. ಒಬ್ಬನೇ ಹಾಡಿದ್ದರೆ ತಪ್ಪು ನನ್ನೊಬ್ಬನದಾಗುತ್ತಿತ್ತು. ಆದರೆ ಬೇಸ್‌ನ ಉಳಿದ ನಾಲ್ವರು, ಕಿರುಬೆರಳು ತಮ್ಮ ಕಣ್ಣಿಗೆ ತಪ್ಪಿತೆಂದು ಗಾಬರಿಯಾಗಿ ನನ್ನ ಹಿಂದೆಯೇ ಬಂದರು, ಅವರ ಹಿಂದೆ ಟೆನರುಗಳೂ ಬಂದರು. ಮೂರನೆಯ ಸಾಲಿಗೆ ಉಳಿಸಿಕೊಳ್ಳಬೇಕಾಗಿದ್ದ ಬಂಡವಾಳವೆಲ್ಲ ಮೊದಲ ಸಾಲಿನಲ್ಲೇ ಖರ್ಚಾಗಿತ್ತು. ಮಾಸ್ಟರು ತಿರುಗಿ ನೋಡಲಿಲ್ಲ, ತಲೆಯಾಡಿಸಲಿಲ್ಲ. ಎಡ ಅಂಗೈಯನ್ನು ಮಗುವಿನ ನೆತ್ತಿಯ ಮೇಲಿಟ್ಟಂತೆ ಎರಡಂಗುಲ ಕೆಳಗಿಳಿಸಿದರು. ಎರಡನೆಯ ಸಾಲು ಅರ್ಧಕ್ಕೆ ಇಳಿಯಿತು, ಮೂರನೆಯದು ಪಿಸುಮಾತಿನಷ್ಟಾಯಿತು, ಹಾಡು ತಲೆಕೆಳಗಾಗಿಯೇ ದಡ ಸೇರಿತು.

ಹೊರಗೆ ಪ್ಲಮ್ ಕೇಕು ತಿನ್ನುತ್ತ ರಾಯರು, “ಜೋರಾಗಿ ಎತ್ತಿಕೊಂಡು ಆಮೇಲೆ ಕರಗಿಸಿದಿರಲ್ಲ, ಬಹಳ ವಿದ್ವತ್ತಿನ ಕೆಲಸ ಕಣ್ರೀ,” ಎಂದು ಮೆಚ್ಚಿದರು. ಆಮೇಲೆ ದನಿ ತಗ್ಗಿಸಿ, “ಅದಿರಲಿ, ನಿಮ್ಮ ಮುಂದೆ ಸುಮ್ಮನೆ ನಿಂತಿದ್ದರಲ್ಲ, ಅವರು ಯಾರು?” ಎಂದು ಕೇಳಿದರು.

ಈ ವರ್ಷವೂ ಬರುವುದಾಗಿ ರಾಯರು ಹೇಳಿದ್ದಾರೆ. ಕಳೆದ ಭಾನುವಾರ ಅಭ್ಯಾಸ ಮುಗಿದ ಮೇಲೆ ಈ ವಿಷಯವನ್ನು ಮಾಸ್ಟರಿಗೆ ತಿಳಿಸಿದೆ. ಅವರು ಫೈಲು ಮುಚ್ಚುತ್ತ, ತುಟಿ ಬಿಚ್ಚದೆ, ಎಡಗಡೆಯ ದೊಡ್ಡ ಕಂಬದ ಹಿಂದಿರುವ ಬೆಂಚಿನತ್ತ ಕಿರುಬೆರಳನ್ನು ತೋರಿಸಿದರು.