ವಾಸನೆ ಬಂದರೆ ಡಬ್ಬಿ ಮುಚ್ಚಿಡುವವರಿಗೆ

ಇವತ್ತು ಮತ್ತೆ ಅದೇ ನೋಡಿದೆ. ಒಬ್ಬರು ಮೈಕ್ರೋಫಿಲ್ಮ್ (ಹಳೆಯ ಪತ್ರಿಕೆ, ದಾಖಲೆಗಳನ್ನು ಪುಟ್ಟದಾಗಿ ಚಿತ್ರ ತೆಗೆದಿಟ್ಟ ಫಿಲ್ಮ್ ಸುರುಳಿ) ಡಬ್ಬಿ ತೆರೆದರು. ಗಪ್ಪನೆ ವಿನೆಗರ್ ವಾಸನೆ. ಮುಖ ಕಿವುಚಿ, ಡಬ್ಬಿ ಮುಚ್ಚಿ, ಮೊದಲಿದ್ದ ಜಾಗದಲ್ಲೇ ಇಟ್ಟು ಹೋದರು. ಕೆಲಸ ಮುಗೀತು! ನಾನು ಎಷ್ಟು ಕೂಗಾಡಿರಬಹುದು ಅಂತ ನನ್ನನ್ನು ಬಲ್ಲ ನಿಮಗೆ ಹೇಳಬೇಕಾಗಿಲ್ಲ.

ಆ ವಾಸನೆ ಬಂತೆಂದರೆ ಫಿಲ್ಮ್ ಕೊಳೆಯುತ್ತಿದೆ ಅಂತ. 1980ರ ದಶಕದವರೆಗೂ ಎಷ್ಟೋ ಮೈಕ್ರೋಫಿಲ್ಮ್ ಅಸಿಟೇಟ್ ಅನ್ನೋ ಪ್ಲಾಸ್ಟಿಕ್ ಮೇಲೇ ಆಗಿದ್ದು. ಸೆಕೆ, ತೇವ ಜಾಸ್ತಿಯಾದರೆ ಅದು ಅಸಿಟಿಕ್ ಆಮ್ಲ ಬಿಡುತ್ತದೆ. ಆ ಆಮ್ಲವೇ ಉಳಿದ ಫಿಲ್ಮನ್ನೂ ಬೇಗ ಕೆಡಿಸುತ್ತದೆ, ಪಕ್ಕದ ರೀಲುಗಳನ್ನೂ ಬಿಡುವುದಿಲ್ಲ. ಹಾಳಾದದ್ದನ್ನು ಸರಿಮಾಡಲು ಆಗುವುದಿಲ್ಲ, ನಿಧಾನ ಮಾಡಬಹುದು ಅಷ್ಟೆ. ಅದನ್ನು ಒಳ್ಳೆಯ ರೀಲುಗಳ ನಡುವೆ ವಾಪಸ್ ಇಡುವುದು ಯಾವ ಜಾಣತನ?

"ದುಡ್ಡಿಲ್ಲ, ಹೇಗೂ ಮುಂದೆ ಎಲ್ಲ ಸ್ಕ್ಯಾನ್ ಮಾಡಿಸ್ತೀವಲ್ಲ" ಅನ್ನುತ್ತಾರೆ. ಮಾಡಿಸಿ, ಬೇಡ ಅಂದವರ್ಯಾರು? ಆದರೆ ನಿಮ್ಮ ಸರದಿ ಬರುವಷ್ಟರಲ್ಲಿ ಫಿಲ್ಮ್ ಕುಗ್ಗಿ, ಡೊಂಕಾಗಿ, ಚಿತ್ರದ ಪದರ ಸುಕ್ಕುಗಟ್ಟಿ ಎದ್ದಿರುತ್ತದೆ. ಆಮೇಲೆ ಯಾವ ಸ್ಕ್ಯಾನರ್‌ನಲ್ಲಿ ಓಡಿಸುತ್ತೀರಿ? ಫಿಲ್ಮ್ ಮಾಡಿಕೊಂಡು ಮೂಲ ಪತ್ರಿಕೆಗಳನ್ನು ಎಸೆದ ಗ್ರಂಥಾಲಯಗಳೂ ಇವೆ. ಅಲ್ಲಿ ಆ ರೀಲೇ ಮೂಲ.

ಯಾವ ರೀಲನ್ನು ಮೊದಲು ನೋಡಿಕೊಳ್ಳಬೇಕು ಅಂತ ತಿಳಿಯುವುದೇನು ಬ್ರಹ್ಮವಿದ್ಯೆಯಲ್ಲ. ರೀಲನ್ನು ಬೆಳಕಿಗೆ ಹಿಡಿದು ನೋಡಿ: ಪಾಲಿಯೆಸ್ಟರ್ ಅನ್ನೋ ಇನ್ನೊಂದು ಬಗೆಯ ಫಿಲ್ಮಿನ ಸುರುಳಿಯಲ್ಲಿ ಬೆಳಕು ತೂರಿ ಬರುತ್ತದೆ, ಅಸಿಟೇಟ್‌ನಲ್ಲಿ ಮಬ್ಬು. ಅಸಿಟೇಟ್ ಇದ್ದರೆ ಎ-ಡಿ ಸ್ಟ್ರಿಪ್ ಅನ್ನೋ ನೀಲಿ ಕಾಗದದ ಚೂರನ್ನು ಡಬ್ಬಿಯೊಳಗೆ ಹಾಕಿ ಮುಚ್ಚಿ, ಸಾಮಾನ್ಯ ಕೋಣೆಯಲ್ಲಿ ಒಂದು ದಿನ ಬಿಡಿ. ಆಮ್ಲ ಇದ್ದಷ್ಟೂ ಅದು ಹಸಿರಾಗಿ, ಕೊನೆಗೆ ಹಳದಿಯಾಗುತ್ತದೆ. ಆ ಬಣ್ಣಕ್ಕೆ 0ರಿಂದ 3ರವರೆಗೆ ಅಂಕ. 1.5 ದಾಟಿದರೆ ಕೊಳೆಯುವ ವೇಗ ಏರುತ್ತದೆ, ಅವನ್ನು ಬೇರೆ ಮಾಡಿ ತಣ್ಣಗಿಡಿ, ಮೊದಲು ನಕಲು ಮಾಡಿಸಿ. 3 ಬಂದರೆ ಕಾಯಬೇಡಿ, ಕೂಡಲೇ ಫ್ರೀಜರ್‌ಗೆ. ಮೂಗಿನ ಮೇಲೆ ಮಾತ್ರ ನಂಬಿಕೆ ಇಡಬೇಡಿ. ಇಡೀ ದಿನ ಆ ಕೋಣೆಯಲ್ಲಿ ಕೂತರೆ ವಾಸನೆ ಬರುವುದೇ ನಿಂತುಹೋಗುತ್ತದೆ. ನನಗೂ ಹಾಗೇ ಆಗಿದೆ.

ರೀಲಿಗೆ ರಬ್ಬರ್ ಬ್ಯಾಂಡ್ ಸುತ್ತುವವರಿಗೆ ಇನ್ನೊಂದು ದಿನ ಬೈಯುತ್ತೇನೆ. ಅದರಲ್ಲಿರುವ ಗಂಧಕ ಫಿಲ್ಮಿನ ಮೇಲಿನ ಬೆಳ್ಳಿಯಿಂದಾದ ಚಿತ್ರಕ್ಕೇ ಕುತ್ತು ತರುತ್ತದೆ. ಈವತ್ತಿನ ಕೋಪವೇ ಇನ್ನೂ ಇಳಿದಿಲ್ಲ.